ಯಾವುದಾದ್ರೂ ಒಂದನ್ನ

"ಕತ್ತರಿಸಿಬಿಡು ಅಷ್ಟೇ" ಅಂದರು ಇವರು.

"ಯಾವುದನ್ನ?" ಅಂದೆ.

"ಯಾವುದಾದ್ರೂ ಒಂದನ್ನ."

ಅಷ್ಟು ಹೇಳಿ ಮತ್ತೆ ಪೇಪರಿಗೆ ತಲೆ ಬಗ್ಗಿಸಿದರು. ಇದು ನಡೆದದ್ದು ಮಂಗಳವಾರ ಬೆಳಿಗ್ಗೆ ಏಳಕ್ಕೆ. ಇವತ್ತು ಶನಿವಾರ. ಐದು ದಿನದಿಂದ ಒಗ್ಗರಣೆ ಹಾಕುವಾಗ, ಗಿಡಕ್ಕೆ ನೀರು ಬಿಡುವಾಗ, ಹೆಣಿಗೆಯ ಕುಣಿಕೆ ಎಣಿಸುವಾಗ ಅದೇ ಮಾತು ಕಿವಿಯಲ್ಲಿ. ಕುಣಿಕೆ ಎಣಿಸುವಾಗಲಂತೂ ಕೇಳಲೇಬಾರದು. ಹನ್ನೊಂದು, ಹನ್ನೆರಡು, ಯಾವುದಾದ್ರೂ ಒಂದನ್ನ, ಹದಿಮೂರು... ಮತ್ತೆ ಮೊದಲಿಂದ.

ಆದದ್ದು ಇಷ್ಟು. ಸೋಮವಾರ ಸಂಜೆ ತಾರಸಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಾಲು ಹೆಣೆಯುತ್ತಾ ಕೂತಿದ್ದೆ. ಕುರ್ಚಿ ಹೀರೆ ಚಪ್ಪರಕ್ಕೆ ತಾಗಿಕೊಂಡೇ ಇತ್ತು, ಅಲ್ಲೇ ಅಲ್ವಾ ನೆರಳು. ಕೆಳಗೆ ಬೆಲ್ ಆಯಿತು. ಇವರ ಹಳೇ ಸಹೋದ್ಯೋಗಿ ಹೆಂಡತಿ ಸಮೇತ ಮಗನ ಮದುವೆ ಕಾರ್ಡು ಹಿಡಿದು ನಿಂತಿದ್ದರು. ಫೋನ್ ಇಲ್ಲ, ಮೆಸೇಜ್ ಇಲ್ಲ. ಕಾಫಿ, ಆಮೇಲೆ ಉಪ್ಪಿಟ್ಟು, ಆಮೇಲೆ ಹುಡುಗಿ ಕಡೆಯವರ ಪುರಾಣ. ಎದ್ದಾಗ ಒಂಬತ್ತೂವರೆ. ಆ ಹೆಂಗಸು ಒಳ್ಳೆಯವರೇ, ಆದರೆ ನಾನು ಮಗಳ ಬಾಣಂತನಕ್ಕೆ ಹೊರಟಿದ್ದೇನೆ, ಶಾಲು ಹೆಣೆಯುತ್ತಿದ್ದೇನೆ ಅಂದರೆ, "ಅಯ್ಯೋ, ಮಷೀನಿಂದು ಆನ್‌ಲೈನ್‌ನಲ್ಲಿ ಎಷ್ಟು ಚೆನ್ನಾಗಿರೋದು ಸಿಗತ್ತೆ" ಅಂದುಬಿಟ್ಟರು. ಮದುವೆ ಊಟಕ್ಕೆ ಹೋಗುವುದು ಹೋಗುತ್ತೇನೆ ಬಿಡಿ.

ಶಾಲು ತಾರಸಿಯಲ್ಲೇ ಉಳಿಯಿತು.

ಬೆಳಿಗ್ಗೆ ನೀರು ಹಾಕಲು ಹೋದಾಗ ಕುರ್ಚಿ ಕಾಣಿಸಿತು. ಓಡಿ ಹೋಗಿ ಶಾಲು ಎತ್ತಿದೆ. ಅದು ಬರಲಿಲ್ಲ. ಹೀರೆ ಬಳ್ಳಿ ಅದನ್ನು ಹಿಡಿದುಕೊಂಡಿತ್ತು.

ಬಳ್ಳಿ ಹಬ್ಬಲು ತೆಳ್ಳಗೆ ಎಳೆ ಚಾಚುತ್ತದಲ್ಲ, ನಮ್ಮಮ್ಮ ಅದನ್ನು 'ಬಳ್ಳಿ ಕೈ' ಅನ್ನುತ್ತಿದ್ದಳು. ಅಂಥ ಎರಡು ಕೈ. ಒಂದು, ಎರಡು ಹೆಣಿಗೆ ಕಡ್ಡಿಗಳನ್ನು ಜೋಡಿಸುವ ವೈರಿಗೆ ಮೂರು ಸುತ್ತು ಸುತ್ತಿತ್ತು. ಇನ್ನೊಂದು ಶಾಲಿನ ತೂತಿನೊಳಗೆ ನುಗ್ಗಿ, ಆ ಕಡೆಯಿಂದ ತಿರುಗಿ ಬಂದು, ಪಕ್ಕದ ತೂತಿನಿಂದ ಹೊರಬಂದು ತನ್ನನ್ನೇ ತಾನು ತಬ್ಬಿಕೊಂಡಿತ್ತು. ನಾನು ಹೊಲಿದಿದ್ದರೂ ಅಷ್ಟು ಬಿಗಿ ಬರುತ್ತಿರಲಿಲ್ಲ. ಒಂದು ರಾತ್ರಿ, ಅಷ್ಟೇ. ಹಿಂದಿನ ವಾರವೆಲ್ಲ ಅದಕ್ಕಾಗಿ ಹುರಿ ಕಟ್ಟಿ, ಬಳ್ಳಿಯನ್ನು ಕೈಯಾರೆ ಹುರಿಯ ಕಡೆ ತಿರುಗಿಸಿ ಬಂದಿದ್ದೆ. ಮುಟ್ಟಿಯೂ ನೋಡಿರಲಿಲ್ಲ. ಗ್ಲಾಸ್ಗೋದಿಂದ ಮಗಳು ತಂದುಕೊಟ್ಟ, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಉಣ್ಣೆ ಮಾತ್ರ ಹಿಡಿಸಿತು ನೋಡಿ. ರುಚಿ ಇದೆ ಅದಕ್ಕೆ.

ತಪ್ಪು ನನ್ನದೂ ಇದೆ. ಎತ್ತಿದ ರಭಸಕ್ಕೆ ಕಡ್ಡಿಯ ಒಂದು ತುದಿ ಜಾರಿ ಏಳು ಕುಣಿಕೆ ಬಿಟ್ಟುಹೋದವು. ಕಣ್ಣೆದುರೇ ಮೂರು ಸಾಲು ಕೆಳಗೆ ಇಳಿದವು. ಸಾದಾ ಹೆಣಿಗೆಯಲ್ಲಿ ಇದು ದೊಡ್ಡ ವಿಷಯವಲ್ಲ. ಕ್ರೋಶಾ ಕಡ್ಡಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಬರಬಹುದು. ಲೇಸ್‌ನಲ್ಲಿ, ಅಂದರೆ ತೂತು ತೂತಿನ ಜಾಲರಿ ಹೆಣಿಗೆಯಲ್ಲಿ, ಹಾಗಲ್ಲ. ನಾನು ಹಾಕುತ್ತಿರುವುದು ಶೆಟ್‌ಲ್ಯಾಂಡಿನ ಹಳೇ ಅಲೆ ವಿನ್ಯಾಸ. ಹದಿನೆಂಟು ಕುಣಿಕೆಗೆ ಒಂದು ಅಲೆ, ನಾಲ್ಕು ಸಾಲಿಗೆ ಒಂದು ಸುತ್ತು. ಮೂರು ಸಾಲು ಸುಮ್ನೆ ಹೋಗುತ್ತದೆ. ಕಷ್ಟವೆಲ್ಲ ಉಳಿದ ಆ ಒಂದು ಸಾಲಿನದು. ಎರಡೆರಡು ಕುಣಿಕೆ ಸೇರಿಸಿ ಆರು ಕಡಿಮೆ ಮಾಡಬೇಕು, ನಡುವೆ ಕಡ್ಡಿಗೆ ನೂಲು ಸುತ್ತಿ ಆರು ತೂತು ಹಾಕಬೇಕು. ಕಳೆದದ್ದು ಆರು, ಕೂಡಿದ್ದು ಆರು, ಲೆಕ್ಕ ಮತ್ತೆ ಹದಿನೆಂಟಕ್ಕೇ ಬರಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಇದಕ್ಕಿಂತ ಸುಖದ ಕೆಲಸ ಇಲ್ಲ. ಹದಿನಾಲ್ಕು ಅಲೆ, ಅಂಚಿಗೆ ಆಚೆ ನಾಲ್ಕು ಈಚೆ ನಾಲ್ಕು, ಒಟ್ಟು 260. ಆದರೆ ಬಿಟ್ಟುಹೋದ ಏಳರಲ್ಲಿ ಯಾವುದು ಕುಣಿಕೆ, ಯಾವುದು ತೂತು, ಯಾವುದು ಎರಡು ಸೇರಿದ್ದು? ಹುಡುಕಿಕೊಂಡು ಕೂರಬೇಕು.

ಹಿಂದಕ್ಕೆ ಬಿಚ್ಚಲು ಒಂದು ಉಪಾಯ ಇದೆ. ಇಪ್ಪತ್ತು ಮೂವತ್ತು ಸಾಲಿಗೊಮ್ಮೆ ಎಲ್ಲ ಕುಣಿಕೆಗಳ ಒಳಗೂ ಬೇರೆ ಬಣ್ಣದ ದಾರ ಒಂದನ್ನು ಹಾಯಿಸಿಟ್ಟಿರುತ್ತೇವೆ. ಲೈಫ್‌ಲೈನ್ ಅನ್ನುತ್ತಾರೆ. ಎಷ್ಟೇ ಬಿಚ್ಚಿದರೂ ಆ ದಾರದ ಹತ್ತಿರ ಬಂದು ನಿಲ್ಲುತ್ತದೆ. ನನ್ನ ಕೊನೆಯ ಲೈಫ್‌ಲೈನ್ 120ನೇ ಸಾಲಿನಲ್ಲಿತ್ತು. ನಾನಿದ್ದದ್ದು 148ರಲ್ಲಿ. 28 ಸಾಲು, ಸಾಲಿಗೆ ಇಪ್ಪತ್ತು ನಿಮಿಷ. ಒಂಬತ್ತು ಗಂಟೆ ಮೀರಿದ ಕೆಲಸ.

ಆಗ ಇವರನ್ನು ಕೂಗಿದ್ದು. ಮೇಲೆ ಬಂದರು, ಪೇಪರ್ ಕೈಯಲ್ಲೇ ಇತ್ತು. ಬಂದು ನೋಡಿ ಆ ಮಾತು ಹೇಳಿದರು.

ಅಲ್ಲ, ಇವರು ಕೆಟ್ಟವರೇನಲ್ಲ. ಇಪ್ಪತ್ತೆರಡು ಗ್ರೋ ಬ್ಯಾಗಿನ ಮಣ್ಣನ್ನು ಎರಡು ಮಹಡಿ ಹೊತ್ತವರು ಇವರೇ. ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದ್ದರು. ರಿಟೈರ್ ಆದಮೇಲೆ ಸಂಜೆ ಕಾಫಿ ಮಾಡುವುದನ್ನೂ ಕಲಿತಿದ್ದಾರೆ. ಆದರೆ ಅಕೌಂಟ್ಸ್‌ನಲ್ಲಿದ್ದವರು, ಎಲ್ಲದಕ್ಕೂ ಒಂದು ರೇಟು ಹಾಕಬೇಕು. ಮೊದಲ ಹೀರೆಕಾಯಿ ಕೊಯ್ದ ದಿನ ಮಣ್ಣು, ಗೊಬ್ಬರ, ಬೀಜ, ಚಪ್ಪರದ ಪೈಪು ಎಲ್ಲ ಕೂಡಿಸಿ, "ಇದೊಂದು ನಮಗೆ ಎಷ್ಟಕ್ಕೆ ಬಿತ್ತು ಗೊತ್ತಾ?" ಅಂದಿದ್ದರು. ಅದೇ ಹೀರೆಕಾಯಿಯ ಸಿಪ್ಪೆ ಚಟ್ನಿ ಮಾಡಿದಾಗ ಮೂರು ಸಲ ಹಾಕಿಸಿಕೊಂಡರು. ಆ ಲೆಕ್ಕ ಬರೆದಿಟ್ಟಿರಲಿಕ್ಕಿಲ್ಲ.

ನನಗೆ ಚುಚ್ಚಿದ್ದು 'ಕತ್ತರಿಸು' ಅಂದದ್ದಲ್ಲ. ಕತ್ತರಿಸದೆ ಬೇರೆ ದಾರಿ ಇರಲಿಲ್ಲ. 'ಯಾವುದಾದ್ರೂ ಒಂದನ್ನ' ಅಂದದ್ದು. ಬಳ್ಳಿಯ ಕೈ ಕತ್ತರಿಸಿದರೆ ನಾಳೆ ಇನ್ನೊಂದು ಬರುತ್ತದೆ. ನೂಲು ಕತ್ತರಿಸಿದರೆ ಎರಡು ತಿಂಗಳ ಹೆಣಿಗೆ ಹೋಗುತ್ತದೆ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಇವೆರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಇವಳ ಟೈಂಪಾಸು, ಯಾವುದು ಹೋದರೇನು. ರಾತ್ರಿ ಹನ್ನೊಂದೂವರೆ ತನಕ ಐಪಿಎಲ್ ನೋಡುವುದಕ್ಕೆ ನಮ್ಮ ಮನೆಯಲ್ಲಿ ಯಾರೂ ಟೈಂಪಾಸ್ ಅನ್ನುವುದಿಲ್ಲ. ಅದು ಮ್ಯಾಚು.

ಈ ಮಾತು ನನಗೆ ಹೊಸದೂ ಅಲ್ಲ. ಮಗಳಿಗೆ ಎಂಟು ತಿಂಗಳಾದಾಗ ಮತ್ತೆ ಶಾಲೆಗೆ ಹೊರಟೆ. ಬಾಗಿಲಲ್ಲಿ ನಿಂತು ನಮ್ಮತ್ತೆ, "ಕೆಲಸನಾದ್ರೂ ಮಾಡು, ಮಗುನಾದ್ರೂ ನೋಡ್ಕೋ. ಯಾವುದಾದ್ರೂ ಒಂದು ನೆಟ್ಟಗೆ ಮಾಡು" ಅಂದಿದ್ದರು. ಅವರ ಮೇಲೆ ಈಗ ಸಿಟ್ಟಿಲ್ಲ. ಮಗುವನ್ನು ನೋಡಿಕೊಂಡದ್ದೂ ಅವರೇ. ಆದರೆ ಆವತ್ತು ಬಸ್ಸಿನಲ್ಲಿ ಕೂತು ಒಂದು ವಿಷಯ ಹೊಳೆದಿತ್ತು. ಈ ಮಾತನ್ನು ಇವರಿಗೆ ಯಾರೂ ಹೇಳಲಿಲ್ಲ. ಇವರಿಗೂ ಆಫೀಸಿತ್ತು, ಇವರಿಗೂ ಅದೇ ಮಗು. ನಾನು ಎರಡನ್ನೂ ಮಾಡಿದೆ. ಎರಡೂ ನೆಟ್ಟಗೆ ಆಯಿತು ಅಂತ ಹೇಳಲಾರೆ. ಸ್ಟಾಫ್ ರೂಮಿನಲ್ಲಿ ಹೆಣಿಗೆ ಕಲಿತದ್ದು ಆಗಲೇ. ಅಂದರೆ ಎರಡರ ಜೊತೆಗೆ ಮೂರನೆಯದನ್ನೂ ಸೇರಿಸಿಕೊಂಡೆ. ಕೊಬ್ಬು ಅನ್ನಿ ಬೇಕಾದರೆ.

ಈಗಿನ ಕಷ್ಟ ಏನೆಂದರೆ ಹೆಣಿಗೆ, ತೋಟ ಎರಡಕ್ಕೂ ಅದೇ ಹೊತ್ತು ಬೇಕು. ಮೈಸೂರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಉಣ್ಣೆ ಮುಟ್ಟಲು ಆಗುವುದಿಲ್ಲ. ಬೆರಳು ಬೆವರಿ ನೂಲು ಕಡ್ಡಿಗೆ ಅಂಟುತ್ತದೆ. ತಂಪು ಇರುವುದು ಬೆಳಿಗ್ಗೆ ಎಂಟರ ಒಳಗೆ, ಸಂಜೆ ಐದರ ಮೇಲೆ. ಗಿಡಕ್ಕೆ ನೀರು ಹಾಕುವ ಹೊತ್ತೂ ಅದೇ. ಸೌತೆ, ಹಾಗಲ, ಕುಂಬಳದ ಹೂವು ಅರಳುವುದು ಬೆಳಿಗ್ಗೆ. ಹೀರೆ, ಸೋರೆ ಸಂಜೆಯ ಗಿರಾಕಿಗಳು. ನಮ್ಮ ತಾರಸಿಗೆ ದುಂಬಿ ಕಡಿಮೆ. ಹಾಗಾಗಿ ನಾನೇ ದುಂಬಿ. ಗೊಂಚಲಲ್ಲಿ ಬಿಡುವ ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು, ಒಂಟಿಯಾಗಿ ಬಿಟ್ಟ ಹೆಣ್ಣು ಹೂವಿಗೆ ಮೆತ್ತಗೆ ಒರೆಸಬೇಕು. ಹೆಣ್ಣು ಹೂವಿನ ಬುಡದಲ್ಲಿ ಬೆರಳುದ್ದದ ಹೀರೆಕಾಯಿ ಆಗಲೇ ಇರುತ್ತದೆ. ತಪ್ಪಿಸಿದರೆ ಎರಡು ದಿನಕ್ಕೆ ಹಳದಿಯಾಗಿ ಉದುರುತ್ತದೆ. ನಾಳೆ ಮಾಡೋಣ ಅನ್ನುವ ಹಾಗಿಲ್ಲ.

ಕೈಯ ಕಥೆ ಬೇರೆ. ಮಣ್ಣು ಮುಟ್ಟಿದ ಬೆರಳು ಒರಟಾಗುತ್ತದೆ, ಉಗುರ ಪಕ್ಕ ಸಿಬಿರು ಏಳುತ್ತದೆ. ಬೆಂಡೆಕಾಯಿ ಕೊಯ್ದ ದಿನ ಕೈಯೆಲ್ಲ ತುರಿಕೆ. 25 ಗ್ರಾಂ ಉಂಡೆಯಲ್ಲಿ 170 ಮೀಟರಿನಷ್ಟು ಬರುವ ನೂಲು ಅದು, ಸಿಬಿರಿಗೆ ಸಿಕ್ಕಿ ಎಳೆ ಎದ್ದೇಳುತ್ತದೆ. ಕೊಬ್ಬರಿ ಎಣ್ಣೆಗೆ ಸಕ್ಕರೆ ಹಾಕಿ ಉಜ್ಜಿ ತೊಳೆದರೆ ಒಂದು ಗಂಟೆ ಬೆರಳು ನುಣ್ಣಗಿರುತ್ತದೆ. ಸಿಂಕ್ ಹತ್ತಿರ ಸಕ್ಕರೆ ಡಬ್ಬಿ ಇಟ್ಟದ್ದಕ್ಕೆ ಇರುವೆ ಬಂದು, ಅದಕ್ಕೂ ಒಂದು ಮಾತು ಕೇಳಿಸಿಕೊಂಡಿದ್ದೇನೆ.

ಮಂಗಳವಾರ ಕೊನೆಗೆ ಬಳ್ಳಿ ಕೈಯನ್ನೇ ಕತ್ತರಿಸಿದೆ. ಕತ್ತರಿಸುವ ಮುಂಚೆ ಭೂತಗನ್ನಡಿ ಹಿಡಿದು ನೋಡಿದೆ. ಶಾಲಿಗೂ ಬಳ್ಳಿಗೂ ನಡುವಿನ ಭಾಗ ಆಗಲೇ ಸ್ಪ್ರಿಂಗ್ ಆಗಲು ಶುರುವಾಗಿತ್ತು. ಚಪ್ಪರದ ಪೈಪು ಹಿಡಿದಿದ್ದ ಹಳೇ ಕೈಗಳಲ್ಲಿ ಅದು ಪೂರ್ತಿ ಕಾಣುತ್ತದೆ. ಅರ್ಧ ದೂರ ಬಲಕ್ಕೆ ಸುತ್ತಿ, ನಡುವೆ ಒಂದು ಕಡೆ ನೇರವಾಗಿ, ಉಳಿದರ್ಧ ಎಡಕ್ಕೆ. ಹಳೇ ಲ್ಯಾಂಡ್‌ಲೈನ್ ಫೋನಿನ ಸುರುಳಿ ವೈರಿನಲ್ಲೂ ಹಾಗೇ ಎಲ್ಲೋ ಒಂದು ಕಡೆ ಸುತ್ತು ತಿರುಗಿಬಿಡುತ್ತಿತ್ತಲ್ಲ, ಥೇಟ್ ಹಾಗೆ. ಎರಡೂ ತುದಿ ಕಟ್ಟಿಹಾಕಿದ ಎಳೆ ಒಂದೇ ಕಡೆಗೆ ಸುತ್ತುತ್ತಾ ಹೋದರೆ ಮುರುಚಿಕೊಳ್ಳುತ್ತದೆ. ಅದಕ್ಕೇ ಬಲಕ್ಕಷ್ಟು, ಎಡಕ್ಕಷ್ಟು. ನನ್ನ ನೂಲಿನಲ್ಲೂ ಅದೇ. ಎರಡೆಳೆಯ ನೂಲು ಬಿಡಿಸಿ ನೋಡಿ. ಬಿಡಿ ಎಳೆ ನೂತದ್ದು ಒಂದು ಕಡೆ, ಎರಡನ್ನೂ ಸೇರಿಸಿ ಹುರಿ ಮಾಡಿದ್ದು ಅದಕ್ಕೆ ಉಲ್ಟಾ. ಇಲ್ಲದಿದ್ದರೆ ಹೆಣಿಗೆ ಒಂದು ಪಕ್ಕಕ್ಕೆ ವಾಲುತ್ತದೆ.

ಮಗಳಿಗೆ ಫೋಟೋ ಕಳಿಸಿದೆ. ಅವಳು ನಕ್ಕು ಮುಗಿಸಿದ ಮೇಲೆ, ಡಾರ್ವಿನ್ ಇದನ್ನೇ ನೋಡುತ್ತಾ ಕೂತಿದ್ದನಂತೆ ಅಂದಳು. ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದಾಗ ಕೋಣೆಯಲ್ಲೇ ಬಳ್ಳಿ ಕುಂಡ ಇಟ್ಟುಕೊಂಡು, ಅದರ ತುದಿ ಗಂಟೆಗೆ ಎಷ್ಟು ತಿರುಗುತ್ತದೆ ಅಂತ ಬರೆದಿಡುತ್ತಿದ್ದ. ಅಮೆರಿಕದ ಗೆಳೆಯ, ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಕಳಿಸಿದ ಬೀಜದಿಂದ ಬೆಳೆದ ಕಾಡು ಸೌತೆಯೂ ಅದರಲ್ಲಿತ್ತು, ನಮ್ಮ ಹೀರೆಯ ದಾಯಾದಿ. 1865ರಲ್ಲಿ ಅದರ ಮೇಲೆ ನೂರು ಪುಟ ಮೀರಿದ ಲೇಖನ ಬರೆದ. ಅವನಿಗೆ ಯಾರೂ ಟೈಂಪಾಸ್ ಅಂದಿರಲಿಕ್ಕಿಲ್ಲ. ಅಥವಾ ಅಂದಿರಬಹುದು, ಮನೆ ತುಂಬ ಕೆಲಸದವರಿದ್ದವನಿಗೆ ಕೇಳಿಸಿರಲಿಕ್ಕಿಲ್ಲ.

ಬಿಟ್ಟುಹೋದ ಏಳು ಕುಣಿಕೆಗಳನ್ನು ಕ್ರೋಶಾ ಕಡ್ಡಿ, ಟ್ವೀಝರ್, ಎರಡು ಕನ್ನಡಕ ಇಟ್ಟುಕೊಂಡು ಹತ್ತಿಸಿದೆ. ಮುಗಿದಾಗ ಹನ್ನೊಂದು ಗಂಟೆ. ತಿಂಡಿ ಮಾಡಲಿಲ್ಲ. ಇವರು ಬ್ರೆಡ್ ತಿಂದರು, ಏನೂ ಹೇಳಲಿಲ್ಲ, ಅದನ್ನೂ ಇಲ್ಲಿ ಬರೆಯಬೇಕು ನ್ಯಾಯವಾಗಿ. ಒಂದು ತೂತು ಸ್ವಲ್ಪ ದೊಡ್ಡದಾಗಿದೆ. ಅದರಲ್ಲಿ ಬಳ್ಳಿ ಕೈಯ ಒಂದು ಚೂರು ಉಂಗುರದಂತೆ ಉಳಿದಿದೆ. ಎಳೆದರೆ ನೂಲು ಬರುತ್ತದೆ, ಹಾಗಾಗಿ ಬಿಟ್ಟಿದ್ದೇನೆ. ಒಣಗಿ ಈಗ ಹೆಚ್ಚುಕಡಿಮೆ ಉಣ್ಣೆಯದೇ ಬಣ್ಣ.

ಬಳ್ಳಿಗೆ ಗೊತ್ತೂ ಆಗಲಿಲ್ಲ. ಬುಧವಾರ ಸಂಜೆ ಎರಡು ಹೆಣ್ಣು ಹೂವು ಬಿಟ್ಟಿತ್ತು.

ವಿಮಾನಕ್ಕೆ ಇನ್ನು ಹದಿನೆಂಟು ದಿನ. ಶಾಲು ತೊಳೆದು, ಎಳೆದು, ಹಾಸಿಗೆ ಮೇಲೆ ಗುಂಡುಪಿನ್ನು ಚುಚ್ಚಿ ಒಣಗಿಸಲು ಎರಡು ದಿನ ತೆಗೆಯಿರಿ. ಹಾಗೆ ಎಳೆದಾಗಲೇ ಅಲೆ ಅಲೆಯಾಗಿ ಕಾಣುವುದು, ಅಲ್ಲಿಯವರೆಗೆ ಮುದುಡಿದ ಬಟ್ಟೆ. ಉಳಿದದ್ದು ಹದಿನಾರು ದಿನ, 88 ಸಾಲು. ದಿನಕ್ಕೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಆಗುತ್ತದೆ. ತೋಟವನ್ನು ಇವರಿಗೆ ವಹಿಸಬೇಕು. "ನೀರು ತಾನೇ, ನಾನು ಹಾಕ್ತೀನಿ ಬಿಡು" ಅಂದಿದ್ದಾರೆ. ಗಂಡು ಹೂವು ಯಾವುದು, ಹೆಣ್ಣು ಹೂವು ಯಾವುದು ಅಂತ ಇನ್ನೂ ಹೇಳಿಕೊಟ್ಟಿಲ್ಲ. ಕೇಳಿದರೆ ಯಾವುದಾದ್ರೂ ಒಂದು ಅನ್ನಬೇಕು ಅಂತ ಬಾಯಿಗೆ ಬಂದಿದೆ.

ಇವತ್ತು ಸಂಜೆ ನಾಲ್ಕು ಹೆಣ್ಣು ಹೂವಿತ್ತು. ಶಾಲನ್ನು ಈ ಸಲ ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೂವು ಒರೆಸುತ್ತಿದ್ದೆ. ಅರ್ಧಕ್ಕೆ ಬಿಟ್ಟುಬಂದ ಸಾಲಿನಲ್ಲಿ ಎಂಟು ಅಲೆ ಮುಗಿದಿತ್ತು, ಒಂದು ಕಡೆಯ ಅಂಚು ಸೇರಿ 148 ಕುಣಿಕೆ. ಮರೆಯಬಾರದು ಅಂತ ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಕೆಳಗಿನಿಂದ ಇವರು ಕೂಗಿದರು.

"ಕಾಫಿನಾ, ಮಜ್ಜಿಗೆನಾ?"

"ಯಾವುದಾದ್ರೂ ಒಂದು" ಅಂದೆ.

ಹೂವು ಕೈಯಲ್ಲೇ ಇತ್ತು. ಕೆಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಫ್ರಿಜ್ ಬಾಗಿಲ ಸದ್ದು. ಮಜ್ಜಿಗೆ ತಂದುಕೊಟ್ಟರು. ಉಪ್ಪು ಹಾಕಿರಲಿಲ್ಲ.