ಸಿಂಕ್ ಕೆಳಗಿನ ಬಾಗಿಲು

ಅಡುಗೆಮನೆ ಕಬೋರ್ಡಿನ ಬಾಗಿಲು ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಬೆರಳು ತೂರುವಷ್ಟು ತೆರೆದು ನಿಲ್ಲುತ್ತದೆ. ಮೊಣಕಾಲಲ್ಲಿ ತಳ್ಳಿ ಸುಮ್ಮನಾಗುತ್ತೇವೆ. ಆಮೇಲೆ ಎರಡು ಹಿಡಿಗಳಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ನಮ್ಮ ಮನೆಯಲ್ಲಿ ರಬ್ಬರ್ ಬ್ಯಾಂಡ್ ಕಾಲ ಮುಗಿದು ಹಳೇ ಲಂಗದ ಲಾಡಿ ಬಂದಿತ್ತು. ಜಿರಳೆ ಕಾಟ ಜಾಸ್ತಿಯಾದಾಗ ಇನ್ನು ಬಿಡಬಾರದು ಅನ್ನಿಸಿತು.

ಬೆಂಗಳೂರಿನಲ್ಲಿ ಮೂರು ಬಾಗಿಲು ಸರಿಮಾಡಲು ಕಾರ್ಪೆಂಟರ್ ಬರುವುದು ಕಷ್ಟ. "ದೊಡ್ಡ ಕೆಲಸ ಇದ್ರೆ ಹೇಳಿ ಮೇಡಂ" ಅಂತ ಫೋನ್ ಇಟ್ಟರು. ಭಾನುವಾರ ತಿಂಡಿ ಮುಗಿಸಿ, ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತೆ.

"ಒಂದು ಮ್ಯಾಗ್ನೆಟ್ ಹೊಡೆದುಬಿಡಮ್ಮ, ಯಾಕಿಷ್ಟು ಒದ್ದಾಟ" ಅಂದರು ಅತ್ತೆ.

"ಹಿಂಜೇ ಅಲ್ಲಾಡ್ತಿದೆ ಅತ್ತೆ. ಮ್ಯಾಗ್ನೆಟ್ ಎಷ್ಟು ದಿನ ಹಿಡಿದುಕೊಳ್ಳುತ್ತೆ?"

ಮಾಡ್ಯುಲರ್ ಕಿಚನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಪ್ರಿಂಗ್ ಇರುವ ಆಟೋ ಹಿಂಜ್. ಬಾಗಿಲಿನ ಒಳಮೈಯಲ್ಲಿ 35 ಮಿ.ಮೀ. ಅಗಲದ ಗುಂಡನೆ ಗುಳಿ ಕೊರೆದು ಅದರ ಬಟ್ಟಲನ್ನು ಕೂರಿಸಿರುತ್ತಾರೆ. ಬಾಗಿಲು ಮುಚ್ಚಲು ಸ್ವಲ್ಪವೇ ಉಳಿದಾಗ ಸ್ಪ್ರಿಂಗ್ ಅದನ್ನು ಒಳಗೆಳೆಯುತ್ತದೆ. ಹಾಗೆ ಎಳೆಯುತ್ತಿಲ್ಲ ಅಂದರೆ ಸ್ಪ್ರಿಂಗ್ ಸತ್ತಿರಬೇಕು, ಇಲ್ಲವೇ ಎಲ್ಲೋ ಏನೋ ತಡೆಯುತ್ತಿರಬೇಕು.

ಒಲೆ ಪಕ್ಕದ ಬಾಗಿಲಿಗೆ ತಡೆ ಇತ್ತು. ಹಿಂಜ್ ಇರುವ ಬದಿಯಲ್ಲಿ ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಕಾಗದದ ಚೂರೊಂದನ್ನು ಇಟ್ಟು ಮುಚ್ಚಿ ಎಳೆದೆ. ಬರಲಿಲ್ಲ, ಕಚ್ಚಿಕೊಂಡಿತ್ತು. ಅಲ್ಲಿ ಒತ್ತಿದರೆ ಹಿಡಿಯ ಕಡೆ ಬಾಗಿಲು ಆಚೆ ಚಿಮ್ಮುತ್ತದೆ. ಹಿಂಜಿನ ತೋಳಿನ ಹಿಂದಿನ ಸ್ಕ್ರೂ ಸಡಿಲಿಸಿ, ಬಾಗಿಲನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದು ಬಿಗಿಮಾಡಿದೆ. ಟಪ್ ಅಂತ ಮುಚ್ಚಿಕೊಂಡಿತು. ಇಷ್ಟಕ್ಕೇ ಎಷ್ಟು ತಿಂಗಳು ಮೊಣಕಾಲು ನೋಯಿಸಿಕೊಂಡಿದ್ದೆವು!

ನಿಜವಾದ ರಗಳೆ ಇದ್ದದ್ದು ಸಿಂಕ್ ಕೆಳಗೆ. ಕೆಳಗಿನ ಹಿಂಜಿನ ಪ್ಲೇಟನ್ನು ಬೆರಳಲ್ಲಿ ಮುಟ್ಟಿದರೆ ಸ್ಕ್ರೂ ಸಮೇತ ಕೈಗೆ ಬಂತು. ಜೊತೆಗೆ ಕಂದು ಬಣ್ಣದ ಪುಡಿ ಉದುರಿತು. ಬಿಲ್ಡರ್ ಹಾಕಿಸಿಕೊಟ್ಟದ್ದು ಪಾರ್ಟಿಕಲ್ ಬೋರ್ಡ್. ಮರದ ಪುಡಿ, ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಹೊರಗೆ ಲ್ಯಾಮಿನೇಟ್ ಥಳಥಳ ಅಂತಿರುತ್ತದೆ, ಆದರೆ ಸ್ಕ್ರೂ ತೂತಿನೊಳಗೆ ನೀರಿನ ಪಸೆ ಹೋದರೆ ಉಬ್ಬಿ ಹಿಟ್ಟಾಗುತ್ತದೆ. ಸಿಂಕಿನ ಪೈಪ್ ಜಾಯಿಂಟ್ ಜಿನುಗುತ್ತಿತ್ತು. ಮೊದಲು ಅದರ ವಾಷರ್ ಬದಲಾಯಿಸಿ, ಒಳಗೆಲ್ಲ ಒರೆಸಿ, ಫ್ಯಾನ್ ಇಟ್ಟು ಒಣಗಿಸಿದೆ.

ಉದ್ದದ ಸ್ಕ್ರೂ ಹಾಕಿದರೆ ಆಯಿತಲ್ವಾ ಅನ್ನಿಸಬಹುದು. ಹಲಗೆಯ ದಪ್ಪವೇ 18 ಮಿ.ಮೀ., ಮೊನೆ ಆಚೆ ಬಂದುಬಿಡುತ್ತದೆ. ಅದಕ್ಕೆ ಬೆಂಕಿಕಡ್ಡಿಗಳ ಮದ್ದಿನ ತಲೆ ಮುರಿದು, ಫೆವಿಕಾಲ್‌ನಲ್ಲಿ ಅದ್ದಿ, ತೂತಿಗೆ ಬಿಗಿಯಾಗಿ ತುರುಕಿದೆ. ಹೊರಗೆ ಉಳಿದದ್ದನ್ನು ಬ್ಲೇಡಿನಲ್ಲಿ ಸಮ ಮಾಡಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ಮೊಳೆಯಿಂದ ನಡುವೆ ಗುರುತು ಮಾಡಿ, ಹಳೇ ಸ್ಕ್ರೂಗಳನ್ನೇ ಕೈಯಲ್ಲಿ ತಿರುಗಿಸಿದೆ. ಹೊಸ ಮರಕ್ಕೆ ಹೋದ ಹಾಗೆ ಕಿರ್ ಕಿರ್ ಅಂತ ಹಿಡಿದುಕೊಂಡವು. ಪುಡಿಯಾದ ಜಾಗ ದೊಡ್ಡದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆ ಭಾಗಕ್ಕೆ ಹೊಸ ಹಲಗೆಯನ್ನೇ ಕೂರಿಸಬೇಕು.

ಮೂಲೆಯ ಮೂರನೇ ಬಾಗಿಲನ್ನು ಬಿಚ್ಚಿ, ಹಿಂಜನ್ನು ಕೈಯಲ್ಲಿ ಮಡಿಸಿ ನೋಡಿದೆ. ಸ್ಪ್ರಿಂಗಿಗೆ ಜೀವವೇ ಇಲ್ಲ, ಮೈಯೆಲ್ಲ ತುಕ್ಕು. ಆ ಕಪಾಟಿನಲ್ಲಿ ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ಇಡುತ್ತಿದ್ದೆವು. ಮುಚ್ಚಳ ಹಾಕಿದ್ದರೂ ಅವುಗಳ ಆವಿ ಸುಮ್ನೆ ಕೂರುವುದಿಲ್ಲ, ಕಬ್ಬಿಣ ತಿನ್ನುತ್ತದೆ. ಪೌಡರ್ ಒಂದು ಕಡೆ, ಆಸಿಡ್ ಇನ್ನೊಂದು ಕಡೆ, ಎರಡೂ ಈಗ ಬಾಲ್ಕನಿಯಲ್ಲಿವೆ.

ಹೊಸ ಹಿಂಜ್ ತರಲು ಹೋದಾಗ ಹಾರ್ಡ್‌ವೇರ್ ಅಂಗಡಿಯವರು "ಜೀರೋನಾ, ಎಂಟಾ, ಹದಿನಾರಾ?" ಅಂದರು. ಬಾಗಿಲು ಪೆಟ್ಟಿಗೆಯ ಅಂಚನ್ನು ಪೂರ್ತಿ ಮುಚ್ಚುತ್ತಾ, ಅರ್ಧವಾ, ಇಲ್ಲ ಒಳಗೇ ಕೂರುತ್ತಾ ಅನ್ನುವುದರ ಲೆಕ್ಕ ಅದು. ಹಳೇದನ್ನು ಜೇಬಿನಿಂದ ತೆಗೆದು ಕೌಂಟರ್ ಮೇಲಿಟ್ಟೆ. ನೋಡಿ, ಎಂಟರ ಜೋಡಿ ಕೊಟ್ಟರು.

ಈಗ ಮೂರೂ ಗಟ್ಟಿಯಾಗಿ ಮುಚ್ಚುತ್ತವೆ. ಎಳೆಯುವುದೇ ಕಷ್ಟ ಆಗಿದೆ ಅಂತ ಅತ್ತೆಯ ತಕರಾರು.