ಗದ್ದೆ ಕೆಸರಿನಲ್ಲಿ ದೈತ್ಯ ಫೇಜ್ ಹುಡುಕಾಟ: ಇಲ್ಲಿವರೆಗೆ ಆದದ್ದು

ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿನಲ್ಲಿ ಅಗರೋಸನ್ನು (ಅಗಾರಿನಿಂದ ತೆಗೆದ ಜೆಲ್ ಪುಡಿ) ಶೇ 0.15ಕ್ಕೆ ಇಳಿಸಿದ ಮೇಲೆ ಪ್ಲಾಕ್‌ಗಳು, ಅಂದರೆ ಫೇಜ್ ಬ್ಯಾಕ್ಟೀರಿಯಾವನ್ನು ಕೊಂದು ಬಿಟ್ಟ ತಿಳಿ ಚುಕ್ಕಿಗಳು, ಕಂಡವು. ಅದೇ ಕೆಸರು ನೀರನ್ನು ಶೇ 0.7ರ ಅಗಾರ್ ಮೇಲೆ ಹಾಕಿದರೆ ಈ ಜಾತಿಯ ಒಂದು ಚುಕ್ಕಿಯೂ ಇಲ್ಲ. ಸದ್ಯಕ್ಕೆ ಕೈಯಲ್ಲಿರುವುದು ಇಷ್ಟೇ. ಆದರೆ ನನಗೆ ಇದು ದೊಡ್ಡ ಸುದ್ದಿ.

ಹೊಸದಾಗಿ ಓದುತ್ತಿರುವವರಿಗೆ: ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸೇ ಫೇಜ್. ಪಠ್ಯಪುಸ್ತಕದ ಲ್ಯಾಂಬ್ಡಾ ಫೇಜ್‌ನ ಜೀನೋಮ್ (ಒಟ್ಟು ಡಿಎನ್ಎ) 48,502 ಬೇಸ್ ಜೋಡಿ. ಎರಡು ಲಕ್ಷ ದಾಟಿದರೆ ಮಾತ್ರ ದೈತ್ಯ ಅನ್ನುತ್ತಾರೆ. ಫೇಜ್ ಜಿ ಎಂಬುದರ ಜೀನೋಮ್ ಹತ್ತಿರ ಹತ್ತಿರ ಐದು ಲಕ್ಷ. ಅದು ಹಿಡಿಯುವ ಬ್ಯಾಕ್ಟೀರಿಯಾ ಬಾಸಿಲಸ್ ಮೆಗಟೀರಿಯಮ್ ಎಂದು ಬಹುಕಾಲ ನಂಬಿದ್ದರು, 2020ರಲ್ಲಿ ಅದು ಲೈಸಿನಿಬಾಸಿಲಸ್ ಎಂದು ತಿದ್ದಿದರು. ನಾನು ಆರಿಸಿಕೊಂಡದ್ದು ಮೆಗಟೀರಿಯಮ್ಮನ್ನೇ, ನಮ್ಮಲ್ಲಿ ರಂಜಕ ಕರಗಿಸುವ ಜೀವಾಣು ಗೊಬ್ಬರವಾಗಿ ಮಾರುವಂಥದ್ದು. ರೋಗ ತರುವ ಬ್ಯಾಕ್ಟೀರಿಯಾವನ್ನು ಕಾಲೇಜು ಲ್ಯಾಬಿಗೆ ತರುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಹಾಗಾಗಿ ಗಂಗಾವತಿಯ ಗೊಬ್ಬರದ ಅಂಗಡಿಯಿಂದ ಒಂದು ಬಾಟಲಿ ತಂದು, ಪ್ಲೇಟಿನ ಮೇಲೆ ಗೆರೆ ಎಳೆದು, ಒಂಟಿ ಕಾಲನಿ ಬೇರ್ಪಡಿಸಿದೆ. ಜೀವಕೋಶಗಳು ಎಷ್ಟು ದಪ್ಪ ಎಂದರೆ ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲೇ ಸಾಲುಸಾಲಾಗಿ ಕಾಣುತ್ತವೆ. ಬೆಳೆಸಲು ಬೇಕಾದ 30 ಡಿಗ್ರಿ ಇಲ್ಲಿ ಪುಕ್ಕಟೆ. ನಮ್ಮ ಕಷ್ಟವೆಲ್ಲ ತಣ್ಣಗಿಡುವುದರಲ್ಲಿ.

ಕೆಸರು ತಂದದ್ದು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಗದ್ದೆಗಳಿಂದ. ಇಲ್ಲಿಂದಲೇ ತಲೆನೋವು ಶುರು. ಫೇಜ್ ಹುಡುಕುವ ರೂಢಿಯ ವಿಧಾನದಲ್ಲಿ 0.22 ಮೈಕ್ರಾನ್ ಫಿಲ್ಟರಿನಲ್ಲಿ ನೀರು ಸೋಸುತ್ತಾರೆ. ಬ್ಯಾಕ್ಟೀರಿಯಾ ನಿಲ್ಲುತ್ತದೆ, ಫೇಜ್ ಇಳಿಯುತ್ತದೆ ಎಂಬ ಲೆಕ್ಕ. ದೊಡ್ಡ ಫೇಜ್ ಮಾತ್ರ ಬ್ಯಾಕ್ಟೀರಿಯಾದ ಜೊತೆಗೇ ಮೇಲೆ ಸಿಕ್ಕಿಕೊಳ್ಳುತ್ತದೆ. ಫಿಲ್ಟರ್ ಬಿಟ್ಟು ಕ್ಲೋರೋಫಾರ್ಮ್ ಹಾಕೋಣವೆಂದರೆ ಬಾಸಿಲಸ್‌ನ ಬೀಜಾಣುಗಳು ಅದಕ್ಕೆ ಜಗ್ಗುವುದಿಲ್ಲ. ಕೊನೆಗೆ ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು 0.45ರಲ್ಲಿ ಸೋಸಿದೆ. ಎರೆಮಣ್ಣಿನ ಜಿಡ್ಡು ಒಂದೊಂದು ಫಿಲ್ಟರನ್ನೂ ಬೇಗನೆ ಕಟ್ಟಿಹಾಕುತ್ತದೆ.

ಎರಡನೆಯ ಜರಡಿ ಅಗಾರ್. ಗಟ್ಟಿ ಜೆಲ್ಲಿನಲ್ಲಿ ದೊಡ್ಡ ಕಣ ಹರಡುವುದಿಲ್ಲ, ಪಕ್ಕದ ಕೋಶ ಮುಟ್ಟುವುದಿಲ್ಲ, ಪ್ಲಾಕ್ ಕಣ್ಣಿಗೆ ಬೀಳುವಷ್ಟು ಬೆಳೆಯುವುದೇ ಇಲ್ಲ. ಟೆಕ್ಸಾಸಿನ ಸಂಶೋಧಕ ಫಿಲಿಪ್ ಸರ್ವರ್ ತೆಳು ಅಗರೋಸ್ ಬಳಸಿಯೇ 0305ಫೈ8-36 ಎಂಬ ದೈತ್ಯ ಫೇಜನ್ನು ಹಿಡಿದರು. ಒಂದು ನೂರು ವರ್ಷದಿಂದ ಫೇಜ್ ಹುಡುಕುತ್ತಿದ್ದರೂ ದೊಡ್ಡವು ಅಪರೂಪ ಎನಿಸಿದ್ದರಲ್ಲಿ ನಮ್ಮ ಸಲಕರಣೆಗಳ ಪಾಲು ದೊಡ್ಡದು ಎಂದೇ ನನ್ನ ಅಭಿಪ್ರಾಯ. ಶೇ 0.15ರ ಪ್ಲೇಟನ್ನು ಮಗುಚಿ ಇಡುವ ಹಾಗಿಲ್ಲ. ಗಂಜಿ ತುಂಬಿದ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಡೆಯಬೇಕು. ಮಾರನೇ ದಿನ ನೋಡಿದರೆ ಮಸುಕು ಅಂಚಿನ, ಮಧ್ಯೆ ತಿಳಿಯಾದ ವೃತ್ತಗಳು. ಅದೇ ದ್ರಾವಣ ಶೇ 0.4ರಲ್ಲಿ ಸೂಜಿಮೊನೆಯಷ್ಟು ಚುಕ್ಕಿ ಬಿಟ್ಟಿತ್ತು, ಅದೂ ಲೆನ್ಸ್ ಹಿಡಿದರೆ.

ಇಷ್ಟಕ್ಕೇ ದೈತ್ಯ ಅನ್ನಲಾರೆ. ಒಂದಕ್ಕೊಂದು ಅಂಟಿಕೊಳ್ಳುವ ಸಣ್ಣ ಫೇಜ್‌ಗಳೂ ಹೀಗೇ ಆಡಬಹುದು. ಡಿಎನ್ಎ ಅಳೆಯಬೇಕು, ಆದರೆ ನಮ್ಮಲ್ಲಿರುವ ಮಾಮೂಲಿ ಜೆಲ್ ಪೆಟ್ಟಿಗೆಯಲ್ಲಿ ಐವತ್ತು ಸಾವಿರದ್ದೂ ಐದು ಲಕ್ಷದ್ದೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಕರೆಂಟಿನ ದಿಕ್ಕು ಬದಲಿಸುತ್ತಾ ಓಡಿಸುವ ಪಲ್ಸ್ಡ್ ಫೀಲ್ಡ್ ಜೆಲ್ ಬೇಕು.

ಇಷ್ಟೆಲ್ಲ ಹಚ್ಚಿಕೊಂಡದ್ದಕ್ಕೆ ಕಾರಣ 2017ರಲ್ಲಿ ಸ್ಯಾನ್ ಡಿಯಾಗೋದ ತಂಡ ಪ್ರಕಟಿಸಿದ ಕೆಲಸ. ಸ್ಯೂಡೋಮೊನಾಸ್‌ನ 201ಫೈ2-1 ಎಂಬ ದೈತ್ಯ ಫೇಜ್, ಬ್ಯಾಕ್ಟೀರಿಯಾದೊಳಗೆ ಪ್ರೋಟೀನಿನ ಗೋಡೆಯ ಕೋಣೆಯೊಂದನ್ನು ಕಟ್ಟಿ ತನ್ನ ಡಿಎನ್ಎಯನ್ನು ಅದರಲ್ಲಿ ಬಚ್ಚಿಡುತ್ತದೆ. ಟ್ಯೂಬುಲಿನ್ ಎಂಬ ಪ್ರೋಟೀನ್ ಮಾದರಿಯ ಎಳೆಗಳು ಕೋಣೆಯನ್ನು ಕೋಶದ ನಡುವೆ ಹಿಡಿದು ನಿಲ್ಲಿಸುತ್ತವೆ. ವೈರಸ್ಸಿನ ಡಿಎನ್ಎ ಕತ್ತರಿಸುವ ಬ್ಯಾಕ್ಟೀರಿಯಾದ ಕ್ಯಾಸ್9, ರಿಸ್ಟ್ರಿಕ್ಷನ್ ಕಿಣ್ವಗಳು ಹೊರಗೇ ಉಳಿಯುತ್ತವೆ. ಆದರೆ ಆರ್‌ಎನ್ಎ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಇರುವುದು ಹೊರಗೆ. ಆರ್‌ಎನ್ಎ ಅಲ್ಲಿಗೆ ಬರಲೇಬೇಕು. ಬಂದಾಗ ಆರ್‌ಎನ್ಎ ಕತ್ತರಿಸುವ ಕ್ಯಾಸ್13 ಹಿಡಿಯುತ್ತದೆ ಎಂದು 2020ರಲ್ಲಿ ಇದೇ ಬಗೆಯ ಇನ್ನೊಂದು ಫೇಜ್‌ನಲ್ಲಿ ತೋರಿಸಿದರು. ಈ ಒಂದು ಸಂದು ನನಗೆ ಕೋಣೆಗಿಂತ ಹೆಚ್ಚು ಹಿಡಿಸಿತು. ಎಲ್ಲ ದೈತ್ಯ ಫೇಜ್‌ಗಳೂ ಕೋಣೆ ಕಟ್ಟುವುದಿಲ್ಲ, ಅದೂ ನೆನಪಿರಲಿ.

ಕೆಸರು ತೆಗೆಯುವಾಗ ಗದ್ದೆಯ ಯಜಮಾನರು ಕೇಳಿದರು: “ಸರ, ಇದು ನಮ್ಮ ನೆಲ್ಲಿಗೆ ಬರೋ ಎಲಿ ಒಣಗೋ ರೋಗಕ್ಕ ಆಗತೈತೇನ್ರಿ?” ಆ ದುಂಡಾಣು ಅಂಗಮಾರಿ ತರುವುದು ಬೇರೆ ಬ್ಯಾಕ್ಟೀರಿಯಾ, ಕ್ಸಾಂಥೋಮೊನಾಸ್, ನಾನು ಹುಡುಕುತ್ತಿರುವುದು ಜೀವಾಣು ಗೊಬ್ಬರದ್ದಕ್ಕೆ ತಗಲುವ ಫೇಜ್ ಎಂದೆ. “ಅಂದ್ರ ನೀವು ಗೊಬ್ಬರದಾಗಿಂದನ್ನ ಕೊಲ್ಲಾಕ ಹೊಂಟೀರಿ!” ಎಂದು ನಕ್ಕುಬಿಟ್ಟರು. ಮಾತು ಸರಿಯೇ. ಅವರ ಮೊದಲ ಪ್ರಶ್ನೆಗೆ ಬಂದರೆ: ಜಪಾನಿನಲ್ಲಿ ನಿಂಬೆ ಜಾತಿಯ ಗಜ್ಜಿರೋಗದ ಕ್ಸಾಂಥೋಮೊನಾಸ್ ಹಿಡಿಯುವ ಎಕ್ಸ್‌ಎಸಿಎನ್1 ಎಂಬ ದೈತ್ಯ ಫೇಜ್ ಸಿಕ್ಕಿದೆ, ಸುಮಾರು 3.85 ಲಕ್ಷ ಬೇಸ್ ಜೋಡಿ, ಪ್ರೋಟೀನ್ ಕಟ್ಟಲು ನೆರವಾಗುವ 56 ಟಿಆರ್‌ಎನ್ಎ ಜೀನ್ ಹೊತ್ತದ್ದು. ಆದರೆ ಲ್ಯಾಬಿನಲ್ಲಿ ಕೊಂದದ್ದು ಗದ್ದೆಯಲ್ಲೂ ಕೊಲ್ಲಬೇಕೆಂದಿಲ್ಲ. ಎಲೆ ಮೇಲಿನ ಫೇಜನ್ನು ಬಿಸಿಲಿನ ಅತಿನೇರಳೆ ಕಿರಣವೇ ಕೆಡಿಸುತ್ತದೆ. ನಮ್ಮ ಬಿಸಿಲು ಗೊತ್ತಲ್ಲ. ಮೇಲಾಗಿ, ಏನು ಮಾಡುತ್ತವೆಂದೇ ತಿಳಿಯದ ನೂರಾರು ಜೀನ್‌ಗಳಿರುವ ವೈರಸ್ಸನ್ನು ಸುಮ್ಮನೆ ಸಿಂಪಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಮುಂದೆ: ಒಂದೇ ಪ್ಲಾಕ್‌ನಿಂದ ಮತ್ತೆ ಮತ್ತೆ ಬೆಳೆಸಿ ಶುದ್ಧ ಮಾಡುವುದು ನಡೆದಿದೆ. ಪಲ್ಸ್ಡ್ ಫೀಲ್ಡ್ ಜೆಲ್ ಇರುವ ಲ್ಯಾಬೊಂದನ್ನು ಕೇಳಿದ್ದೇನೆ, ಉತ್ತರ ಬರಬೇಕು. 0.45ರ ಫಿಲ್ಟರ್ ಮುಗಿದಿದೆ, ಹುಬ್ಬಳ್ಳಿಯಿಂದ ತರಿಸಬೇಕು. ಕಾಲುವೆ ನೀರು ನಿಲ್ಲಿಸುವುದರೊಳಗೆ ಇನ್ನೊಂದಿಷ್ಟು ಕೆಸರು ತರುತ್ತೇನೆ, ಈ ಸಲ ಸಿಂಧನೂರು ಕಡೆಯದ್ದೂ ಸೇರಿಸಿ.