ಚಿರತೆ ನಮಗೆ, ದಂಡ ಡ್ರೈವರ್‌ಗೆ

ನಾನು ಟೂರ್ ಮ್ಯಾನೇಜರ್. ಬೆಂಗಳೂರಿನಿಂದ ಹತ್ತು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಕೀನ್ಯಾಗೆ ಹೋಗಿಬರುವುದು ನನ್ನ ಕೆಲಸ. "ನಿಂಗೇನಪ್ಪಾ, ಸಂಬಳ ಕೊಟ್ಟು ಸಿಂಹ ತೋರಿಸ್ತಾರೆ" ಅಂತ ನೆಂಟರೆಲ್ಲ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಸಿಂಹ ನೋಡುವುದಕ್ಕಿಂತ ಜಾಸ್ತಿ ಹೊತ್ತು ನಾನು ಪಾಸ್‌ಪೋರ್ಟ್ ಎಣಿಸುತ್ತಿರುತ್ತೇನೆ. ಇಲ್ಲವೇ ಚಕ್ಕುಲಿ, ಚಟ್ನಿಪುಡಿ ಸುತ್ತಿದ ಪ್ಲಾಸ್ಟಿಕ್ ಕವರ್ ತೆಗೆಸುತ್ತಿರುತ್ತೇನೆ. ಅಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಹೊರಡುವ ಮೊದಲೇ ಎಲ್ಲರಿಗೂ ಹೇಳಿರುತ್ತೇನೆ. ಆದರೂ ಯಾರದಾದರೂ ಬ್ಯಾಗಿನ ತಳದಲ್ಲಿ ಒಂದು ಇದ್ದೇ ಇರುತ್ತದೆ.

ಇದು ಕಳೆದ ವರ್ಷ ಆಗಸ್ಟ್‌ನ ಒಂದು ದಿನದ ಕಥೆ. ಜಾಗ ಮಸಾಯಿ ಮಾರಾ ಅಭಯಾರಣ್ಯ. ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲೇ ಗಡಿ ದಾಟಿ ಇತ್ತ ಚಾಚಿಕೊಂಡ ಹಾಗಿದೆ. ಸುಮಾರು 1,510 ಚದರ ಕಿಲೋಮೀಟರ್. ಜುಲೈಯಿಂದ ಅಕ್ಟೋಬರ್ ತನಕ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳು ಹುಲ್ಲು ಹುಡುಕಿಕೊಂಡು ಅಲ್ಲಿಂದ ಇಲ್ಲಿಗೆ ಬರುತ್ತವೆ. ಅವುಗಳ ಹಿಂದೆ ಸಿಂಹ, ಸಿಂಹದ ಹಿಂದೆ ನಾವು.

ಬೆಳಿಗ್ಗೆ ಆರಕ್ಕೆ ಗೇಟ್ ತೆರೆಯುತ್ತದೆ. ಮಾರಾ ಸಾವಿರದ ಐನೂರು ಮೀಟರ್‌ಗಿಂತ ಎತ್ತರದಲ್ಲಿದೆ, ಹೀಗಾಗಿ ಆಗಸ್ಟ್‌ನ ಬೆಳಿಗ್ಗೆ ಗಡಗಡ ನಡುಗಿಸುತ್ತದೆ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಬಂದವರು ಲಾಡ್ಜ್‌ನ ಕಂಬಳಿಯನ್ನೇ ಹೊದ್ದು ಗಾಡಿ ಹತ್ತಿದರು. ಎರಡು ಲ್ಯಾಂಡ್ ಕ್ರೂಸರ್, ಒಂದೊಂದರಲ್ಲಿ ಆರು ಜನ. ನಾನಿದ್ದ ಗಾಡಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು. 2024ರ ಜುಲೈಯಿಂದ ಈ ಸೀಸನ್ನಿನಲ್ಲಿ ವಿದೇಶಿಯರಿಗೆ ದಿನದ ಟಿಕೆಟ್ 200 ಡಾಲರ್. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಅವರು ಗೇಟ್ ದಾಟುವ ಮೊದಲೇ ಲೆಕ್ಕ ಹಾಕಿ ಮುಗಿಸಿದ್ದರು. "ಗಂಟೆಗೆ ಹದಿನಾರು ಡಾಲರ್ ಮೇಲಾಯ್ತು ನೋಡಪ್ಪಾ. ಟೈಮ್ ವೇಸ್ಟ್ ಮಾಡಬೇಡಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಡ್ರೈವರ್ ಐವತ್ತು ದಾಟಿದ, ಅಲ್ಲಿಯ ಮಸಾಯಿ ಬುಡಕಟ್ಟಿನ ಮನುಷ್ಯ. ಅಂಗಿಯ ಮೇಲೆ ಬೆಳ್ಳಿ ಬ್ಯಾಡ್ಜ್ ಇತ್ತು. ಅಲ್ಲಿ ಸಫಾರಿ ಗೈಡ್‌ಗಳಿಗೆ ಪರೀಕ್ಷೆ ಇದೆ. ಪಾಸಾದವರಿಗೆ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಕಾಡು ಓದುವುದು ಹೇಗೆ ಅಂತ ಅವರ ಪಕ್ಕ ಕೂತರೆ ಸಾಕು, ಗೊತ್ತಾಗುತ್ತದೆ. ಹುತ್ತದ ಮೇಲೆ ಒಂದು ಟೋಪಿ ನಿಂತಿತ್ತು. ಟೋಪಿ ಅಂದರೆ ಕಂದು ಮೈಯ, ತೊಡೆ ಕಪ್ಪಗಿರುವ ಒಂದು ಜಾತಿಯ ಹುಲ್ಲೆ. "ಟೋಪಿ" ಅಂದ ತಕ್ಷಣ ಗಾಡಿಯಲ್ಲಿ ನಗು. "ಸಿಂಹ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಟೋಪಿ ಹಾಕ್ತಿದ್ದೀಯಾ?" ಅಂತ ಹಿಂದಿನ ಸೀಟಿನ ಆಂಟಿ. ಡ್ರೈವರ್ ನಗಲಿಲ್ಲ. ಅವರು ಟೋಪಿಯನ್ನು ನೋಡುತ್ತಿರಲಿಲ್ಲ, ಅದು ಯಾವ ಕಡೆ ನೋಡುತ್ತಿದೆ ಅನ್ನುವುದನ್ನು ನೋಡುತ್ತಿದ್ದರು. ಕಿವಿ ಅಲ್ಲಾಡಿಸದೆ ಒಂದೇ ದಿಕ್ಕಿಗೆ ನಿಂತಿದೆ ಅಂದರೆ ಆ ದಿಕ್ಕಿನಲ್ಲಿ ಏನೋ ಇದೆ.

ಇತ್ತು. ಇನ್ನೊಂದು ಹುತ್ತದ ಮೇಲೆ ತಾಯಿ ಚೀತಾ, ಕೆಳಗೆ ಹುಲ್ಲಿನಲ್ಲಿ ಎರಡು ಮರಿ. ನಮ್ಮವರಿಗೆ ಚಿರತೆ, ಚೀತಾ ಎರಡೂ ಒಂದೇ. ಹೆಸರೇ ಹಾಗಿದೆ, ಅವರನ್ನು ಬೈಯುವ ಹಾಗಿಲ್ಲ. ಚಿರತೆ ಮರ ಹತ್ತುವ ದಪ್ಪ ಮೈಯದು, ಮೈಮೇಲೆ ಹೂವಿನಂಥ ಮಚ್ಚೆ. ಚೀತಾ ಸಣಕಲು, ಒಂಟಿ ಚುಕ್ಕೆ, ಕಣ್ಣಿನಿಂದ ಬಾಯಿವರೆಗೆ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಅಂತ ಒಳ್ಳೆಯ ಹಳೆಯ ಹೆಸರಿದೆ. ನಾನು ಎಷ್ಟು ಸಲ ಹೇಳಿದರೂ ಯಾರ ಬಾಯಿಗೂ ಹತ್ತುವುದಿಲ್ಲ.

ಡ್ರೈವರ್ ದೂರದಲ್ಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. "ಹತ್ತಿರ ಹೋಗಲ್ವಾ?" ಅಂತ ಹಿಂದಿನಿಂದ ಬಂತು. ಅವರು ನನಗೆ ಮೆಲ್ಲಗೆ ಹೇಳಿದರು: "ಹೊಟ್ಟೆ ಬೆನ್ನಿಗೆ ಅಂಟಿದೆ. ಇವತ್ತು ಬೇಟೆಯಾಡಲೇಬೇಕು. ಕಾಯೋಣ." ಅಲ್ಲಿ ನಮ್ಮದೊಂದೇ ಗಾಡಿ. ಆಗಸ್ಟ್ ತಿಂಗಳಲ್ಲಿ ಮಾರಾದಲ್ಲಿ ಅದು ಲಾಟರಿ ಹೊಡೆದ ಹಾಗೆ. ಆದರೆ ಅದು ನನಗೆ ಆಗ ಹೊಳೆಯಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಗಾಡಿಯಿಂದ ವಾಟ್ಸಾಪ್ ಬಂತು. ತಾಲೆಕ್ ನದಿ ಹತ್ತಿರ ಮರದ ಮೇಲೆ ಚಿರತೆ. ನಮ್ಮ ಬ್ರೋಶರ್‌ನಲ್ಲಿ ‘ಬಿಗ್ ಫೈವ್’ ಅಂತ ದಪ್ಪಕ್ಷರದಲ್ಲಿದೆ: ಸಿಂಹ, ಆನೆ, ಕಾಡೆಮ್ಮೆ, ಘೇಂಡಾಮೃಗ, ಚಿರತೆ. ಬಂದೂಕು ಹಿಡಿದು ನಡೆದುಕೊಂಡು ಹೋಗುತ್ತಿದ್ದವರಿಗೆ ಹೊಡೆಯಲು ಅತಿ ಕಷ್ಟವೂ ಅಪಾಯವೂ ಆಗಿದ್ದ ಐದು ಪ್ರಾಣಿಗಳ ಪಟ್ಟಿ ಅದು. ಶಿಕಾರಿಯವರ ಪಟ್ಟಿ ಇಟ್ಟುಕೊಂಡು ಕ್ಯಾಮೆರಾದವರು ಓಡಾಡುತ್ತೇವೆ. ಪಾಪ, ಚೀತಾ ಅದರಲ್ಲಿ ಇಲ್ಲವೇ ಇಲ್ಲ. ನಮಗೆ ಚಿರತೆ ಬಾಕಿ ಇತ್ತು. ನಾನು "ಹೋಗೋಣ" ಅಂದೆ.

ಡ್ರೈವರ್ ಒಮ್ಮೆ ಚೀತಾ ಕಡೆ ನೋಡಿದರು. "ಹಕುನಾ ಶಿದಾ" ಅಂದು ಗಾಡಿ ಸ್ಟಾರ್ಟ್ ಮಾಡಿದರು. ಸ್ವಾಹಿಲಿಯಲ್ಲಿ ಅದಕ್ಕೆ ತೊಂದರೆ ಇಲ್ಲ ಅಂತ ಅರ್ಥ.

ಚಿರತೆ ಇದ್ದ ಮರದ ಸುತ್ತ ಹತ್ತಿಪ್ಪತ್ತು ಗಾಡಿ ಸೇರಿದ್ದವು. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು, 25 ಮೀಟರ್ ದೂರ ಇರಬೇಕು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. ನಿಯಮ ಇಷ್ಟೇ. ಉಳಿದವರು ಸಾಲಿನಲ್ಲಿ ಕಾಯಬೇಕು. ಅರ್ಧ ಗಂಟೆ ಕಾದೆವು. ಎಲೆಗಳ ನಡುವೆ ಒಂದು ಬಾಲ ತೂಗುತ್ತಿತ್ತು, ಅಷ್ಟೇ. ಬ್ಯಾಂಕ್ ಅಂಕಲ್ ಗಡಿಯಾರ ನೋಡಿಕೊಂಡರು. ನಾನು ಎಡಗಡೆ ಹುಲ್ಲಿನ ಕಡೆ ಕೈ ತೋರಿಸಿ, "ಹೀಗೆ ಸ್ವಲ್ಪ ಇಳಿಸಿದರೆ ಕಾಣುತ್ತಲ್ವಾ?" ಅಂದೆ. ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸುವಂತಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದವನು ನಾನೇ.

ಅವರು ಎರಡು ಸೆಕೆಂಡ್ ಸುಮ್ಮನಿದ್ದರು. ಆಮೇಲೆ ಮತ್ತೆ "ಹಕುನಾ ಶಿದಾ."

ಹುಲ್ಲಿಗೆ ಇಳಿದು ಎರಡು ನಿಮಿಷ ಆಗಿರಲಿಲ್ಲ, ರೇಂಜರ್‌ಗಳ ಜೀಪು ಬಂತು. ಗಾಡಿ ನಂಬರ್ ಬರೆದುಕೊಂಡರು, ಡ್ರೈವರ್ ಹೆಸರು ಬರೆದುಕೊಂಡರು. ನನ್ನ ಹೆಸರು ಯಾರೂ ಕೇಳಲಿಲ್ಲ.

ವಾಪಸ್ ಬರುವಾಗ ಆ ಹುತ್ತದ ದಾರಿಯಲ್ಲೇ ಬಂದೆವು. ಚೀತಾ ಇರಲಿಲ್ಲ. ಬೇಟೆ ಸಿಕ್ಕಿತೋ ಇಲ್ಲವೋ, ಮರಿಗಳು ಎತ್ತ ಹೋದವೋ. ಯಾರೂ ಆ ಮಾತೆತ್ತಲಿಲ್ಲ. ಮರದ ನೆರಳಿನಲ್ಲಿ ಲಾಡ್ಜ್‌ನವರು ಕಟ್ಟಿಕೊಟ್ಟ ಚಪಾತಿ, ಆಲೂ ತಿಂದೆವು. ಚಪಾತಿ ಅಲ್ಲಿಯೂ ಚಪಾತಿಯೇ, ಚಹಾ ಅಲ್ಲಿ ಚಾಯ್. ಇಂಥ ಸುದ್ದಿ ಹೇಳಿ ವಾತಾವರಣ ತಿಳಿ ಮಾಡಲು ನೋಡಿದೆ. ಡ್ರೈವರ್ ಗಾಡಿಯ ಆಚೆ ಬದಿಗೆ ಹೋಗಿ ಒಬ್ಬರೇ ತಿಂದರು.

ಸಂಜೆ ಗೊತ್ತಾಯಿತು, ದಂಡ ಅವರ ಜೇಬಿನಿಂದಲೇ ಹೋಗುತ್ತದೆ ಅಂತ. ಗಾಡಿ ಕಂಪನಿ ಕಟ್ಟುತ್ತದೆ ಅಂದುಕೊಂಡಿದ್ದೆ. ಕಂಪನಿ ಕಟ್ಟಿ ಸಂಬಳದಲ್ಲಿ ಹಿಡಿಯುತ್ತದಂತೆ. ಮರುದಿನ ಆ ಹಣ ನಾನು ಕೊಟ್ಟೆ. ಮೊದಲು ಬೇಡ ಅಂದರು, ಆಮೇಲೆ ತೆಗೆದುಕೊಂಡರು. ಆದರೆ ಪುಸ್ತಕದಲ್ಲಿ ಬಿದ್ದ ಹೆಸರನ್ನು ನಾನು ಅಳಿಸಲು ಆಗುವುದಿಲ್ಲ ಅಲ್ವಾ? "ಬೇಡ ಅಂತ ಒಂದು ಮಾತು ಹೇಳಬಹುದಿತ್ತು" ಅಂದೆ. ಅವರು ಹೇಳಿದ್ದು: "ಟಿಪ್ ಕೊಡುವವರು ನೀವು. ಹೇಗಿದ್ದ ಅಂತ ಆಫೀಸಿಗೆ ಬರೆಯುವವರೂ ನೀವು."

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಏಳು ವರ್ಷ ಈ ಕೆಲಸದಲ್ಲಿದ್ದೇನೆ. ‘ಹಕುನಾ ಶಿದಾ’ ಅಂದಾಗಲೆಲ್ಲ ತೊಂದರೆ ಇಲ್ಲ ಅಂತಲೇ ಕೇಳಿಸಿಕೊಂಡಿದ್ದೆ. ಬೇಡ ಅನ್ನಲು ಆಗದವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥ ಇರುತ್ತದೆ. ನನ್ನ ಬಾಸ್‌ಗೆ ನಾನೂ ದಿನಕ್ಕೆ ಹತ್ತು ಸಲ "ಆಯ್ತು ಸರ್" ಅನ್ನುತ್ತೇನೆ. ಹಾಗಿದ್ದೂ ಇದು ಹೊಳೆದಿರಲಿಲ್ಲ.

ಊರಿಗೆ ಬಂದ ಮೇಲೆ ಚೀತಾ ಬಗ್ಗೆ ಹುಡುಕಿ ಓದಿದೆ. ಮಾರಾದ ಚೀತಾಗಳ ಮೇಲೆ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಒಂದು ಸೂಲಿಗೆ ಸರಾಸರಿ 2.3 ಮರಿ ಸಾಕಿ ದೊಡ್ಡದು ಮಾಡುತ್ತಿತ್ತು. ಜಾಸ್ತಿ ಇರುವ ಕಡೆ 0.2. ಡ್ರೈವರ್ ಅಷ್ಟು ದೂರದಲ್ಲಿ ಗಾಡಿ ನಿಲ್ಲಿಸಿದ್ದು ಯಾಕೆ ಅಂತ ಆಗ ತಲೆಗೆ ಹೋಯಿತು.

ಈಗ ನನ್ನ ಗುಂಪುಗಳಲ್ಲಿ ಟಿಪ್ ಹಣವನ್ನು ಮೊದಲ ಸಂಜೆಯೇ ಎಲ್ಲರಿಂದ ಸಮನಾಗಿ ಸಂಗ್ರಹಿಸಿ ಕವರ್‌ನಲ್ಲಿ ಹಾಕಿ ಅಂಟಿಸುತ್ತೇನೆ. ಎಷ್ಟು ಅಂತ ಡ್ರೈವರ್‌ಗೂ ಅವತ್ತೇ ಹೇಳುತ್ತೇನೆ. ಚಿರತೆ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ. ಸಫಾರಿ ನಡೆಯುವಾಗ ಎರಡು ಗಾಡಿಗಳ ನಡುವೆ ವಾಟ್ಸಾಪ್ ಬಂದ್. ಇನ್ನೊಂದು, "ಹೋಗೋಣವಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಹೂಂ ಅಂತ ಒಂದೇ ಉತ್ತರ. "ಈಗ ಗಾಡಿಯಲ್ಲಿ ನೀವೊಬ್ಬರೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಕೇಳುತ್ತೇನೆ. ಮೊದಮೊದಲು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಎರಡನೇ ದಿನಕ್ಕೆ ಸರಿಹೋಗುತ್ತದೆ. ಬ್ರೋಶರ್‌ನಿಂದ ‘ಬಿಗ್ ಫೈವ್’ ತೆಗೆಸಲು ಮಾತ್ರ ಇನ್ನೂ ಆಗಿಲ್ಲ. ಅದಿದ್ದರೇ ಬುಕಿಂಗ್ ಬರುವುದಂತೆ.

ಈ ವರ್ಷದ ಗುಂಪಿಗೆ ಚಿರತೆ ಕಾಣಲಿಲ್ಲ. ಒಂದು ಬೆಳಿಗ್ಗೆ ಪೂರ್ತಿ ಡ್ರೈವರ್ ಹೇಳಿದ ಜಾಗದಲ್ಲೇ ಎಂಜಿನ್ ಆಫ್ ಮಾಡಿ ಕೂತಿದ್ದೆವು. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಮೈಸೂರಿನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಊಟ ಚೆನ್ನಾಗಿತ್ತು. ಚಿರತೆ ಇಲ್ಲ. ಟೋಪಿ ಮಾತ್ರ ಧಾರಾಳ."